ಹಿಗ್ಗಿನ ಫಜೀತಿ

ಕನ್ನಡ ಮಾಸ್ತರನಾದವನಿಗೆ ಒಂದಿಲ್ಲೊಂದು ಪದ ಬೆನ್ನು ಬೀಳುತ್ತಲೇ ಇರುತ್ತದೆ. ನನ್ನ ಬೆನ್ನು ಬಿದ್ದದ್ದು ‘ಹಿಗ್ಗು’. ಬಹಳ ಸಂತೋಷ ಎಂದು ಅದರ ಅರ್ಥ. ಇಷ್ಟು ಹೇಳಿ ಕೈತೊಳೆದುಕೊಂಡೆ ಅನ್ನುವಷ್ಟರಲ್ಲಿ ಹೊಸ ಫಜೀತಿ ಹುಟ್ಟಿರುತ್ತದೆ.

೧. ಬಾಗಿಲು

ಇಳಕಲ್ಲಿನ ನಮ್ಮ ಶಾಲೆಯಲ್ಲಿ ‘ಹಿಗ್ಗು’ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಲು ಹೇಳಿದ್ದೆ. ಒಬ್ಬ ಹುಡುಗಿ, “ಮಳೆ ಬಂದು ನಮ್ಮ ಬಾಗಿಲು ಹಿಗ್ಗಿತು” ಎಂದು ಬರೆದಳು.

“ಬಾಗಲಕ್ಕ ಎಲ್ಲಿ ಸಂತೋಷ ಆಗ್ತೇತಿ?” ಎಂದೆ.

“ಸಂತೋಷ ಎಲ್ಲೀದ್ರಿ ಸರ? ಹಿಗ್ಗಿ ಮುಚ್ಚಾಕ ಬರವಲ್ದು ಅಂತ ಅವ್ವ ಅಳಾಕತ್ತಾಳ.”

ಸರಿ ಹಾಕಲೋ ತಪ್ಪು ಹಾಕಲೋ ತಿಳಿಯದೆ ಬರೀ ಸಹಿ ಹಾಕಿ ಕೊಟ್ಟೆ.

೨. ಎದೆ

ಗುಡೂರಿನಿಂದ ಮಾವನವರು, ಅಂದರೆ ನನ್ನ ಹೆಂಡತಿಯ ಅಪ್ಪ, ಏದುಸಿರು ಬಿಡುತ್ತ ಬಂದರು. ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಎಲ್ಲ ನೋಡಿ, “ಅಜ್ಜಾರ, ನಿಮ್ಮ ಹೃದಯ ಸ್ವಲ್ಪ ಹಿಗ್ಗೇತ್ರಿ” ಎಂದರು.

ಮಾವನವರ ಮುಖ ಅರಳಿತು. “ಹಿಗ್ಗಲಾರದ ಏನ್ರಿ? ಮೊಮ್ಮಗಳಿಗೆ ಬಾದಾಮಿ ಕಡಿಂದ ಭಾಳ ಚೊಲೋ ಮನಿತನ ಬಂದೈತಿ.”

ಮದುವೆಯ ಮಾತು ಬಂದಿದ್ದ ಆ ಮೊಮ್ಮಗಳು ನನ್ನ ಮಗಳೇ. ಡಾಕ್ಟರು ನನ್ನ ಮುಖ ನೋಡಿದರು, ನಾನು ಗುಳಿಗೆ ಚೀಟಿ ನೋಡಿದೆ.

ತಿರುಗಿ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಮಾವನವರು ಕರದಂಟು ಕೊಂಡು ಬಸ್ಸಿನ ಮಂದಿಗೆಲ್ಲ ಹಂಚತೊಡಗಿದರು.

“ಏನ್ ವಿಶೇಷರಿ ಯಜಮಾನ್ರ?” ಎಂದ ಕಂಡಕ್ಟರ್.

“ಎದಿ ಹಿಗ್ಗೇತಿ ಅಂತ ಡಾಕ್ಟರೇ ಬರದು ಕೊಟ್ಟಾರಪಾ.”

೩. ಮದುವೆ ಮಾತು

“ಹಿಗ್ಗಿಗ್ಯಾಕ ಗುಳಿಗಿ?” ಎಂದು ಮಾವನವರದು ಒಂದೇ ಹಟ. ಕೊನೆಗೆ ಎದುರಿಗೆ ಕೂತು ಪಾಠ ಮಾಡಿದೆ: “ಮಾವಾರ, ನಾ ಸಾಲ್ಯಾಗ ಕಲಿಸೋ ಸಾಲಿ ಹಿಗ್ಗು ಬ್ಯಾರೆ, ದವಾಖಾನಿ ಹಿಗ್ಗು ಬ್ಯಾರೆ. ಎದಿ ಹಿಗ್ಗಿದ್ರ ಜೀವಕ್ಕ ಕುತ್ತು.” ಗುಳಿಗೆಯೇನೋ ನುಂಗಿದರು. ಆದರೆ ಅಂದಿನಿಂದ ನಗುವುದನ್ನೇ ಬಿಟ್ಟರು.

ಬಾದಾಮಿಯವರು ಬಂದರು. ಹುಡುಗ, ಹುಡುಗಿ ಒಪ್ಪಿದರು. ಇನ್ನು ಹಿರಿಯರು ಹೂಂ ಅನ್ನಬೇಕು, ಮಾವನವರು ನೋಡಿದರೆ ಹರಳೆಣ್ಣೆ ಕುಡಿದವರಂತೆ ಮುಖ ಮಾಡಿ ಕುಳಿತಿದ್ದರು. ಹುಡುಗನ ಅಪ್ಪ ಚಹಾದ ಕಪ್ಪು ಕೆಳಗಿಟ್ಟು, “ಹಿರಿಯಾರಿಗೆ ಮನಸಿಲ್ಲ ಕಾಣ್ತೇತಿ. ನಾವಿನ್ನ ಬರ್ತೇವಿ” ಎಂದು ಎದ್ದೇಬಿಟ್ಟರು. ಮಗಳ ಕಣ್ಣಲ್ಲಿ ನೀರು.

“ಕುಂಡ್ರಿ” ಎಂದರು ಮಾವನವರು. “ಹುಡುಗ ಭಾಳ ಮನಸಿಗೆ ಬಂದಾನ. ಆದ್ರ ಹಿಗ್ಗಿದ್ರ ಸಾಯ್ತೀರಿ ಅಂತ ನಮ್ಮ ಅಳಿಯಾರು ಅಂದಾರ. ಅದಕ್ಕ ತಡಕೊಂಡು ಕುಂತೇನಿ.”

ಮನೆಯೆಲ್ಲ ನಗೆಯೋ ನಗೆ. ಹುಡುಗನ ಅಪ್ಪ ಮತ್ತೆ ಕುಳಿತು, “ಸಕ್ರಿ ಹಂಚ್ರಿ” ಎಂದರು. ಮಾವನವರಿಗೂ ತಡೆಯಲಾಗಲಿಲ್ಲ. ಬಿದ್ದು ಬಿದ್ದು ನಕ್ಕರು. ನಡುವೆಯೇ ಎದೆ ಹಿಡಿದುಕೊಂಡು, ಗಾಬರಿಯಿಂದ ನನ್ನ ಕಡೆ ತಿರುಗಿದರು.

“ಮಾಸ್ತರ, ಈಗ ಬಂದದ್ದು ಸಾಲೀದೋ, ದವಾಖಾನೀದೋ?”