ಖಾಲಿ ಸೈಟಿನ ಹುಲ್ಲು, ಕ್ಯಾನ್ವಾಸಿನ ಹೊಲ

ನಾನು ಬಿಡಿಸುವುದು ಅಮೂರ್ತ ಚಿತ್ರ. ಕೆರೆ, ಹುಲ್ಲು, ಬಯಲು ನೋಡಿಕೊಂಡು ಬರುತ್ತೇನೆ. ಕ್ಯಾನ್ವಾಸಿನ ಮೇಲೆ ಉಳಿಯುವುದು ಬರೀ ಬಣ್ಣ. ಜೆ.ಪಿ. ನಗರದಲ್ಲಿದ್ದುಕೊಂಡು ಈ ಕೆಲಸ ಮಾಡುವವನಿಗೆ ಇಂಥವು ಆಗುತ್ತಲೇ ಇರುತ್ತವೆ.

ಕೆರೆ ಎಲ್ಲಿ?

ಪುಟ್ಟೇನಹಳ್ಳಿ ಕೆರೆಯ ದಂಡೆಯಲ್ಲಿ ಕೂತು ಬೆಳಗಿನ ನೀರಿನ ಬೂದು ಬಣ್ಣ ಹಿಡಿಯಲು ಒದ್ದಾಡುತ್ತಿದ್ದೆ. ವಾಕಿಂಗ್ ಬಂದ ಅಂಕಲ್ ಒಬ್ಬರು ಹಿಂದೆ ನಿಂತು ನೋಡಿದರು.

"ಕೆರೆ ಎಲ್ಲಿ ಸಾರ್?"

"ಇದೇ ಅಂಕಲ್. ನನಗೆ ಕಂಡ ಹಾಗೆ."

ಅವರು ತಮ್ಮ ಕನ್ನಡಕ ತೆಗೆದು ನನ್ನ ಕೈಗಿಟ್ಟರು. "ಒಂದ್ಸಲ ಇದನ್ನ ಹಾಕ್ಕೊಂಡು ನೋಡಿ."

ನೇರಳೆ ಹುಲ್ಲು

ನಮ್ಮ ರಸ್ತೆಯ ಕೊನೆಯಲ್ಲೊಂದು ಖಾಲಿ ಸೈಟು. ಮಳೆಗಾಲ ಮುಗಿದಾಗ ಅಲ್ಲಿ ಎದೆಯುದ್ದ ಹುಲ್ಲು. ಸಂಜೆ ಬಿಸಿಲಿಗೆ ಅದರ ತುದಿಯೆಲ್ಲ ನೇರಳೆಯಾಗುತ್ತಿತ್ತು. ಆ ಬಣ್ಣಕ್ಕಾಗಿ ವಾರವೆಲ್ಲ ಹೋಗಿ ನಿಂತೆ. ಮನೆಗೆ ಬಂದು ಎಷ್ಟು ಕಲಸಿದರೂ ಅದು ಸಿಗುತ್ತಿರಲಿಲ್ಲ. ಮತ್ತೆ ಹೋದರೆ ಸೈಟು ಬೋಳು! ಸೈಟಿನ ಯಜಮಾನರು ನಗುತ್ತಾ ಬಂದರು.

"ದಿನಾ ಬಂದು ನೋಡಿ ಸುಮ್ನೆ ಹೋಗ್ತಿದ್ರಲ್ಲ ಸಾರ್, ಹುಲ್ಲು ನೋಡಿ ನಿಮ್ಗೆ ಬೇಜಾರಾಗಿರ್ಬೇಕು ಅಂತ ಪೂರ್ತಿ ತೆಗೆಸ್ಬಿಟ್ಟೆ. ಈಗ ರೇಟ್ ಮಾತಾಡೋಣ್ವಾ?"

ಬದು

ಹೋದ ಹುಲ್ಲನ್ನೇ ನೆನೆಯುತ್ತಾ ದೊಡ್ಡದೊಂದು ಚಿತ್ರ ಮಾಡಿದೆ. ಹಸಿರು, ನೇರಳೆ, ನಡುವೆ ಒಂದು ಕಂದು ಗೀಟು. ನಾನು ಬಾಡಿಗೆಗಿರುವ ಮನೆಯ ಓನರ್ ಹಿಂದೆ ಇಲ್ಲೇ ಬೇಸಾಯ ಮಾಡಿದವರು. ಚಿತ್ರ ನೋಡಿದವರೇ ನಿಂತುಬಿಟ್ಟರು.

"ನಮ್ಮ ರಾಗಿ ಹೊಲ ನಿಮ್ಗೆ ಹೆಂಗ್ ಗೊತ್ತು?"

ಆ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟ್ ಇದೆ. ಜಮೀನು ಭಾಗವಾದಾಗಿನಿಂದ ತಮ್ಮನ ಜೊತೆ ಅವರಿಗೆ ಮಾತಿರಲಿಲ್ಲ. ಅವತ್ತು ತಾವೇ ಹೋಗಿ ಅವನನ್ನು ಕರೆತಂದರು. ಅವನು ಬಂದವನೇ ಕಂದು ಗೀಟಿನ ಮೇಲೆ ಬೆರಳಿಟ್ಟ.

"ಅಣ್ಣ, ಬದು ನನ್ ಕಡೆ ಒತ್ತಿದೆ."

"ಇಲ್ಲೂ ಶುರು ಮಾಡ್ದ್ಯಾ?"

ಸ್ವಲ್ಪ ಹೊತ್ತು ಕೂಗಾಡಿದರು. ಆಮೇಲೆ ಇಬ್ಬರೂ ಚಿತ್ರದ ಮುಂದೆ ನೆಲದ ಮೇಲೆಯೇ ಕೂತರು. ತಮ್ಮ ಕಣ್ಣೊರೆಸಿಕೊಂಡ. ಕಾಫಿ ತಂದಿಟ್ಟೆ, ಆರಿಹೋಯಿತು. ಏಳುವ ಲಕ್ಷಣ ಕಾಣಲಿಲ್ಲ.

ಕೊನೆಗೆ ಅಣ್ಣ ನನ್ನ ಕಡೆ ತಿರುಗಿದರು. "ಸಾರ್, ಈ ಮೂಲೇಲಿ ಒಂದು ಹೊಂಗೆ ಮರ ಇತ್ತು. ಅದನ್ನೂ ಹಾಕ್ಬಿಡಿ. ಬಿಸಿಲಲ್ಲಿ ಎಷ್ಟೊತ್ತು ಅಂತ ಕೂತ್ಕೊಳ್ಳೋದು?"