ಹೇಳಬಾರದ ಹೆಸರಿನ ಪಾಸ್‌ವರ್ಡು

ಪ್ರತಿ ಮನೆತನಕ್ಕೂ ಒಬ್ಬ ಕಂಪ್ಯೂಟರ್ ಪಂಡಿತ ಇರುತ್ತಾನೆ. ಅವನು ಓದಿ ಪಂಡಿತನಾದವನಲ್ಲ. ಯಾವುದೋ ಗ್ರಹಚಾರದ ಗಳಿಗೆಯಲ್ಲಿ ಯಾರದೋ ಕೆಟ್ಟು ನಿಂತ ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹಾಕಿರುತ್ತಾನೆ, ಅದು ಚಾಲೂ ಆಗಿಬಿಟ್ಟಿರುತ್ತದೆ. ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು. ನಮ್ಮ ಮನೆತನದಲ್ಲಿ ಆ ಪಟ್ಟ ನನ್ನದು. ನಾನು ಅಜ್ಜಂಪುರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುತ್ತೇನೆ ಎಂಬುದೇನೋ ನಿಜ. ಆದರೆ ದಿನಾ ಬಸ್ಸಿನಲ್ಲಿ ಕೂತು ಹೋಗುವವನಿಗೆ ಬಸ್ ರಿಪೇರಿ ಬರುತ್ತದೆಯೇ? ಬರಲೇಬೇಕು ಎನ್ನುತ್ತಾರೆ ನಮ್ಮ ನೆಂಟರು. ಕಡೂರಿನಿಂದಲೋ ತರೀಕೆರೆಯಿಂದಲೋ ಫೋನು ಬಂದು, "ಏನಪ್ಪಾ, ಊಟ ಆಯ್ತಾ?" ಎಂದು ಎಂದೂ ಇಲ್ಲದ ಅಕ್ಕರೆ ಸುರಿಯಿತೆಂದರೆ ಅವರ ಮನೆಯಲ್ಲಿ ಏನೋ ಹ್ಯಾಂಗ್ ಆಗಿದೆ ಎಂದೇ ಅರ್ಥ.

ನನ್ನ ಬಳಿ ಇರುವುದು ಬೆರಳೆಣಿಕೆಯ ಉಪದೇಶಗಳು. ಅವನ್ನೇ ತಿರುವಿ ಮುರುವಿ ಹೇಳುತ್ತಾ ಪಾಂಡಿತ್ಯ ಉಳಿಸಿಕೊಂಡಿದ್ದೇನೆ. ಯಂತ್ರ ಮೊಂಡಾಟ ಮಾಡಿದರೆ ಆರಿಸಿ ಹಾಕಿ. ಗೊತ್ತಿಲ್ಲದ ಲಿಂಕು ಒತ್ತಬೇಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಫೋನಿನಲ್ಲಿ ಜಾಗವಿಲ್ಲದಿದ್ದರೆ ಶುಭೋದಯದ ಚಿತ್ರಗಳನ್ನು ಅಳಿಸಿ. ಇವನ್ನು ಹೇಳುವುದು ಸುಲಭ, ಕೇಳಿದವರು ಏನು ಮಾಡಿಕೊಳ್ಳುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ನಮ್ಮ ಚಿಕ್ಕಪ್ಪ ಒಂದು ಚಿತ್ರವನ್ನೂ ಅಳಿಸಲು ಒಪ್ಪಲಿಲ್ಲ. ಎಲ್ಲದರಲ್ಲೂ ಶಿವನೋ ಗಣಪತಿಯೋ ಇದ್ದಾರೆ, ದೇವರನ್ನು ಡಿಲೀಟ್ ಮಾಡಿದ ಕೈಗೆ ಒಳ್ಳೆಯದಾದೀತೇ ಎಂಬುದು ಅವರ ಪ್ರಶ್ನೆ. ಕೊನೆಗೆ ಫೋನನ್ನೇ ನನ್ನ ಕೈಗಿಟ್ಟು, ನೀನೇ ಅಳಿಸು ಎಂದು ಪಾಪವನ್ನು ನನ್ನ ತಲೆಗೆ ಕಟ್ಟಿದರು. ನಮ್ಮ ಬೀದಿಯ ಟೈಲರ್ ಮಹಬೂಬ್ ಭಾಯಿ ಅಂತೂ ನನ್ನ ಮಾತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ನಾನು ಕಳಿಸಿದ ಮದುವೆಯ ಕರೆಯೋಲೆಯ ಲಿಂಕನ್ನೂ ಒತ್ತದೆ, ನಾನು ಅವರನ್ನು ಕರೆಯಲೇ ಇಲ್ಲವೆಂದು ಅಂಗಡಿಗೆ ಬಂದವರಿಗೆಲ್ಲ ದೂರಿದರು.

ಆ ಮದುವೆಯ ವಿಷಯವನ್ನೇ ನಾನು ಹೇಳಹೊರಟದ್ದು. ಅದಕ್ಕೂ ಮೊದಲು ನಮ್ಮ ಗಂಗತ್ತೆಯ ಪರಿಚಯವಾಗಬೇಕು. ನನ್ನ ಅಪ್ಪನ ತಂಗಿ, ಕಡೂರಿನಲ್ಲಿ ಇರುವುದು. ಮಾವನಿಗೆ ಅಲ್ಲಿ ಪಂಪ್‌ಸೆಟ್ ಅಂಗಡಿ. ಅತ್ತೆಗೆ ಫೋನು ಕೊಡಿಸಿದ ಹೊಸದರಲ್ಲಿ ನಾನೇ ಹೋಗಿ ಎಲ್ಲ ಸಿದ್ಧ ಮಾಡಿಕೊಟ್ಟಿದ್ದೆ. ಫೋನು ಕಳೆದರೂ ಅದರಲ್ಲಿದ್ದದ್ದೆಲ್ಲದರ ಒಂದು ಪ್ರತಿ ಇಂಟರ್ನೆಟ್ಟಿನಲ್ಲಿ ಉಳಿಯುವಂತೆ ಮಾಡಿ, ಅದಕ್ಕೊಂದು ಪಾಸ್‌ವರ್ಡ್ ಬೇಕು ಎಂದು ವಿವರಿಸಿದೆ. ಅದು ಯಾರೂ ಊಹಿಸುವಂತಿರಬಾರದು, ನೀವು ಮರೆಯುವಂತಿರಬಾರದು, ಮುಖ್ಯವಾಗಿ ಅದನ್ನು ಯಾರ ಮುಂದೆಯೂ ಬಾಯಿಬಿಡಬಾರದು ಎಂದು ಗುರುಗಳ ಗತ್ತಿನಲ್ಲಿ ಹೇಳಿದೆ. ಅತ್ತೆ ಮುಗುಳ್ನಕ್ಕರು.

"ಜೀವ ಹೋದ್ರೂ ಬಾಯಲ್ಲಿ ಬರದೇ ಇರೋದು ನನ್ ಹತ್ರ ಒಂದೇ ಐತೆ ಕಣಪ್ಪ. ನಿಮ್ ಮಾವನ ಹೆಸ್ರು."

ನಾನು ತಲೆದೂಗಿದೆ. ಏಕೆಂದರೆ ಅದು ಉತ್ಪ್ರೇಕ್ಷೆಯಲ್ಲ. ಅತ್ತೆ ಗಂಡನ ಹೆಸರು ಹೇಳಿದ್ದನ್ನು ಕೇಳಿದವರಿಲ್ಲ. ರೇಷನ್ ಕಾರ್ಡಿನ ಕಚೇರಿಯಲ್ಲಿ ಯಜಮಾನರ ಹೆಸರೇನೆಂದು ಕೇಳಿದಾಗ ಹಿಂದೆ ನಿಂತಿದ್ದ ಅಪರಿಚಿತ ಹೆಂಗಸನ್ನು ತಿವಿದು, "ನೀವೇ ಹೇಳಿ" ಎಂದಿದ್ದರಂತೆ. ದೇವಸ್ಥಾನದಲ್ಲಿ ಅರ್ಚನೆಗೆ ಹೆಸರು ಕೇಳಿದರೆ ಪಕ್ಕದ ಮನೆಯಾಕೆ ಜೊತೆಗಿರಬೇಕು. ಆಕೆ ಬಾರದ ದಿನ ಮಾವನಿಗೆ ಅರ್ಚನೆ ಇಲ್ಲ. ಇಂಥವರ ಬಾಯಿಂದ ಪಾಸ್‌ವರ್ಡ್ ಕದಿಯಲು ಯಾವ ಕಳ್ಳನಿಂದಾದೀತು? ನಾನು ಆಚೆ ಮುಖ ಮಾಡಿಕೊಂಡೆ. ಅತ್ತೆ ತಾವೇ ಒಂದೊಂದೇ ಅಕ್ಷರ ಒತ್ತಿ, ಕೊನೆಗೊಂದು ಅಂಕಿ ಸೇರಿಸಿ ಮುಗಿಸಿದರು. ಮಾವನ ಹೆಸರು ಕಡೂರಿನ ದೊಡ್ಡ ರಸ್ತೆಯಲ್ಲಿ, ಪಂಪ್‌ಸೆಟ್ ಅಂಗಡಿಯ ಬೋರ್ಡಿನ ಮೇಲೆ, ಬಸ್ಸಿನಿಂದಲೂ ಓದಬಹುದಾದಷ್ಟು ದಪ್ಪ ಅಕ್ಷರದಲ್ಲಿ ಇದೆ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

ಈಗ ಮದುವೆಗೆ ಬರುತ್ತೇನೆ. ತರೀಕೆರೆಯಲ್ಲಿರುವ ನಮ್ಮಣ್ಣನ ಮಗಳು ಚೈತ್ರಾಳ ಮದುವೆ. ನಮ್ಮ ಅಜ್ಜಿ, ಅಂದರೆ ಗಂಗತ್ತೆಯ ತಾಯಿ, ಅರಿಶಿನ ಶಾಸ್ತ್ರದ ಹಾಡನ್ನು ಹಾಡಿದರೆ ಬೀದಿಯವರು ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರು. ಚೈತ್ರಾ ಚಿಕ್ಕವಳಿದ್ದಾಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿನ್ನ ಅರಿಶಿನಕ್ಕೂ ನಾನೇ ಹಾಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಈ ಮದುವೆಯವರೆಗೆ ಅಜ್ಜಿ ಉಳಿಯಲಿಲ್ಲ. ಆದರೆ ಕೊನೆಯ ವರ್ಷ ಗಂಗತ್ತೆ ತಮ್ಮ ಫೋನಿನಲ್ಲಿ ಆ ಹಾಡನ್ನು ಪೂರ್ತಿ ಹಿಡಿದಿಟ್ಟಿದ್ದರು. ಬೇರೆ ಯಾರ ಬಳಿಯೂ ಅದು ಇರಲಿಲ್ಲ, ಪಲ್ಲವಿಯ ಆಚೆ ಯಾರಿಗೂ ಬರುತ್ತಲೂ ಇರಲಿಲ್ಲ. ಅರಿಶಿನದ ದಿನ ಅದನ್ನೇ ಹಾಕುವುದೆಂದು ಚೈತ್ರಾ ಸ್ಪೀಕರು ತರಿಸಿ ಇಟ್ಟಿದ್ದಳು.

ಅರಿಶಿನದ ದಿನ ಬೆಳಿಗ್ಗೆ ಕಡೂರಿನ ಬಸ್ಸಿಳಿದು ಬಂದ ಅತ್ತೆಯ ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಹೊಸ ಫೋನಿನ ಡಬ್ಬಿ. ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದರು, ಸದ್ಯಕ್ಕೆ ಫೋನು ನೋಡಲೇಬಾರದೆಂದು ಡಾಕ್ಟರು ಹೇಳಿದ್ದರು. ಹಳೆಯ ಫೋನು ಏನಾಯಿತು ಎಂದರೆ ಜೊತೆಗೆ ಬಂದಿದ್ದ ಮಾವನೇ ಹೇಳಿದರು. ಮದುವೆಯಾದಾಗಿನಿಂದ ಮಾಡುತ್ತಿದ್ದ ಬೇಳೆಸಾರನ್ನು ಮಾಡುವುದು ಹೇಗೆಂದು ವಿಡಿಯೋದಲ್ಲಿ ನೋಡುತ್ತಿರುವಾಗ ಫೋನು ಕೈಜಾರಿ ಅದೇ ಸಾರಿನೊಳಗೆ ಬಿದ್ದಿತ್ತು. ನಾನು ಸ್ವಲ್ಪವೂ ಕಂಗೆಡಲಿಲ್ಲ. ಇಂಥ ದಿನಕ್ಕೆಂದೇ ನಾನು ಇಂಟರ್ನೆಟ್ಟಿನಲ್ಲಿ ಪ್ರತಿ ಇಟ್ಟಿದ್ದೆನಲ್ಲ! ನೆರೆದವರಿಗೆಲ್ಲ ಕೇಳುವಂತೆ ಬ್ಯಾಕಪ್ಪಿನ ಮಹಿಮೆಯನ್ನು ಬಣ್ಣಿಸಿ, ಹೊಸ ಫೋನು ತೆರೆದೆ. ಅದು ಪಾಸ್‌ವರ್ಡ್ ಕೇಳಿತು. ಅತ್ತೆ ಹೇಳಬೇಕಾದ ಅಗತ್ಯವೇ ಇಲ್ಲ, ಮಾವನ ಹೆಸರು ನನಗೆ ಗೊತ್ತಿಲ್ಲವೇ ಎಂದು ಅಂಕಿಯನ್ನಷ್ಟೇ ಕೇಳಿಕೊಂಡು ಓಂಕಾರಪ್ಪ ಎಂದು ಒತ್ತಿದೆ.

ತಪ್ಪು ಎಂದಿತು ಫೋನು. ಇನಿಷಿಯಲ್ ಸೇರಿಸಿ ನೋಡು ಎಂದರು ಮಾವ. ಸೇರಿಸಿದೆ, ಅದೂ ತಪ್ಪು. ಅಪ್ಪ ತೆಗೆದು ನೋಡು ಎಂದ ಅಣ್ಣ. ತೆಗೆದೆ. ಇನ್ನೊಮ್ಮೆ ತಪ್ಪಿದರೆ ನಾಳೆಯವರೆಗೆ ಬಾಗಿಲು ತೆರೆಯುವುದಿಲ್ಲ ಎಂದು ಫೋನು ಎಚ್ಚರಿಸಿತು. ಪಾಸ್‌ವರ್ಡ್ ಮರೆತವರಿಗೆ ಇನ್ನೊಂದು ದಾರಿ ಇರುತ್ತದೆ, ಮೊದಲೇ ಕೊಟ್ಟ ನಂಬರಿಗೆ ಒಟಿಪಿ ಬರುತ್ತದೆ. ಆ ನಂಬರು ನನ್ನದೇ. ಆದರೆ ಅದನ್ನು ನಾನು ಬಿಟ್ಟು ಬಹಳ ಕಾಲವಾಗಿತ್ತು. ಮಾನ ಬಿಟ್ಟು ಅದಕ್ಕೇ ಫೋನು ಮಾಡಿದೆ. ಯಾರೋ ಪುಣ್ಯಾತ್ಮರು ಹಿಂದಿಯಲ್ಲಿ ಮಾತಾಡಿದವರು, ನಾನು ಒಟಿಪಿ ಎಂದ ಕೂಡಲೇ ಚೆನ್ನಾಗಿ ಬೈದು ಇಟ್ಟರು. ಅವರು ಮಾಡಿದ್ದು ಸರಿ, ಊರಿಗೆಲ್ಲ ನಾನು ಹೇಳಿಕೊಡುತ್ತಿದ್ದದ್ದೂ ಅದನ್ನೇ. ಚೈತ್ರಾ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. "ಮುತ್ತಜ್ಜಿ ಹಾಡು ಸಿಗಲ್ವಾ ಚಿಕ್ಕಪ್ಪಾ?" ಎಂದಷ್ಟೇ ಕೇಳಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಅವಳ ಆ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಆಗ ಅತ್ತೆ ಮೆಲ್ಲಗೆ, ಅದಲ್ಲ ಹೆಸರು ಎಂದರು. ಮಾವ ತಬ್ಬಿಬ್ಬಾದರು. ತಮ್ಮ ಹೆಸರು ಅದಲ್ಲದೆ ಇನ್ನಾವುದು? ಅತ್ತೆ ತುಟಿ ಬಿಚ್ಚಲಿಲ್ಲ. ಹೇಳಲು ನಾನೇ ಅಪ್ಪಣೆ ಕೊಡುತ್ತೇನೆ ಎಂದು ಮಾವ ಬೇಡಿಕೊಂಡರು. ಕಿವಿಯಲ್ಲಿ ಹೇಳಿ ಎಂದಳು ಚೈತ್ರಾ. ಹೋಗಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಎಂದು ನಾನು ಉಪಾಯ ಸೂಚಿಸಿದೆ.

"ಬಿಡಿಸಿ ಹೇಳಿದ್ರೂ ಹೆಸ್ರು ಹೆಸ್ರೇ ಅಲ್ವೇನಪ್ಪಾ? ತುರಿದ್ಬಿಟ್ರೆ ಕೊಬ್ರಿ ಕೊಬ್ರಿ ಅಲ್ಲ ಅಂತೀಯಾ?"

ದಾರಿ ತೋರಿಸಿದ್ದು ನಮ್ಮತ್ತಿಗೆ. ಮದುವೆಮನೆಯಲ್ಲಿ ಹೆಂಗಸರು ಹೊಸ ಹುಡುಗಿಯನ್ನು ತಡೆದು ನಿಲ್ಲಿಸಿ, ಪದ ಕಟ್ಟಿ ಗಂಡನ ಹೆಸರು ಹೇಳಿಸುತ್ತಾರೆ. ಆಗ ಹೇಳಿದರೆ ದೋಷವಿಲ್ಲ, ಅದು ಶಾಸ್ತ್ರ. ಸರಿ, ಅತ್ತೆಯನ್ನು ಚೈತ್ರಾಳ ಪಕ್ಕದಲ್ಲಿ ಮಣೆಯ ಮೇಲೆ ಕೂರಿಸಿ, ತಲೆಗೆ ಹೂ ಮುಡಿಸಿ, ಹೆಂಗಸರೆಲ್ಲ ಸುತ್ತುವರಿದರು. ಗಂಡಸರನ್ನು ಆಚೆಗೆ ಅಟ್ಟಿದರು. ಒತ್ತುವ ಕೆಲಸವಿದ್ದದ್ದರಿಂದ ನನ್ನೊಬ್ಬನನ್ನು ಮಾತ್ರ ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿಕೊಂಡರು. ಮಾವ ಬಾಗಿಲ ಹಿಂದೆ ನಿಂತರು. ನಾನು ಓರೆಗಣ್ಣಿನಲ್ಲಿ ನೋಡುತ್ತಿದ್ದಂತೆ ಅತ್ತೆ ಕಪ್ಪು ಕನ್ನಡಕ ಸರಿಮಾಡಿಕೊಂಡು, ಸೆರಗು ಹೊದ್ದು, ಹದಿನಾರರ ಹುಡುಗಿಯಂತೆ ನಾಚುತ್ತಾ ಹೇಳಿದರು.

"ಹಾಲಿನ ಗಿಂಡಿಗೆ ಕೆನೆ ಸೊಗಸು, ಹೂವಿನ ತೋಟಕ್ಕೆ ಹುಣ್ಣಿಮೆ ಸೊಗಸು, ನನ್ನ ಹಣೆಯ ಕುಂಕುಮಕ್ಕೆ ಚಂದ್ರಶೇಖರ ಸೊಗಸು."

ಬಾಗಿಲ ಹಿಂದಿನಿಂದ ಮಾವನ ದನಿ ಬಂತು. "ಯಾರೇ ಅವ್ನು?"

ಕಡೂರಿನಲ್ಲಿ ಅವರ ಅಂಗಡಿಯ ಎದುರಿನ ಹಿಟ್ಟಿನ ಗಿರಣಿಯವರ ಹೆಸರು ಚಂದ್ರಶೇಖರ. ಮಾವನ ಮನಸ್ಸು ಎಲ್ಲಿಗೆ ಓಡಿತೆಂದು ಬೇರೆ ಹೇಳಬೇಕಿಲ್ಲ. ಅತ್ತೆ ನಗು ತಡೆಯಲಾಗದೆ ಎಲ್ಲವನ್ನೂ ಬಿಚ್ಚಿ ಹೇಳಿದರು. ಅವರ ಮದುವೆಯ ದಿನ ಇದೇ ಶಾಸ್ತ್ರದಲ್ಲಿ ಹೆಸರು ಹೇಳೆಂದು ಹೆಂಗಸರು ಮುತ್ತಿಕೊಂಡಾಗ, ಗಾಬರಿಯಲ್ಲಿ ಅವರಿಗೆ ಗಂಡನ ಹೆಸರೇ ಮರೆತುಹೋಗಿತ್ತು. ಅಕ್ಕನನ್ನು ಕೇಳಿದರೆ ಆ ತುಂಟಿ ಕಿವಿಯಲ್ಲಿ ಬಾಯಿಗೆ ಬಂದ ಹೆಸರು ಉಸುರಿದಳು. ಇವರು ಅದನ್ನೇ ಗಟ್ಟಿಯಾಗಿ ಹೇಳಿದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಗಂಡಿನವರೆಲ್ಲ ಆಗ ಊಟದ ಪಂಕ್ತಿಯಲ್ಲಿದ್ದದ್ದರಿಂದ ಮಾವನಿಗೆ ಇದಾವುದೂ ತಿಳಿಯಲಿಲ್ಲ.

"ದೇವ್ರ ದೀಪದ ಮುಂದೆ ಹೇಳಿದ್ ಹೆಸ್ರು, ಮನಸ್ನಲ್ಲಿ ಅದೇ ಉಳ್ಕೊಂಡ್ಬಿಡ್ತು ಕಣ್ರೇ," ಎಂದರು ಅತ್ತೆ. "ಹೆಂಗೂ ಬಾಯಲ್ಲಿ ಕರಿಯಂಗಿಲ್ಲ. ಯಾವ್ ಹೆಸ್ರಾದ್ರೇನು, ಮನುಷ್ಯ ಅವ್ರೇ ತಾನೆ?"

ನಾನು ಆ ಹೆಸರನ್ನೂ ಅಂಕಿಯನ್ನೂ ಒತ್ತಿದೆ. ಫೋನಿನ ಬಾಗಿಲು ತೆರೆಯಿತು. ಚಿತ್ರಗಳು, ವಿಡಿಯೋಗಳು ಒಂದೊಂದಾಗಿ ಇಳಿದು ಬಂದವು, ಕೊನೆಗೆ ಅಜ್ಜಿಯ ಹಾಡು ಬಂತು. ಸಂಜೆ ಚೈತ್ರಾಳ ಕೆನ್ನೆಗೆ ಅರಿಶಿನ ಹಚ್ಚುವಾಗ ಸ್ಪೀಕರಿನಿಂದ ಅಜ್ಜಿ ಹಾಡಿದರು. ನಡುವೆ ಒಮ್ಮೆ ಕೆಮ್ಮಿದರು, ಹಾಲಿನ ಪಾತ್ರೆಗೆ ಬಾಯಿ ಹಾಕಲು ಬಂದ ಬೆಕ್ಕನ್ನು ಗದರಿದರು, ಮತ್ತೆ ಅದೇ ಸಾಲಿನಿಂದ ಎತ್ತಿಕೊಂಡರು. ಚೈತ್ರಾ ಅಳುತ್ತಾ ನಗುತ್ತಿದ್ದಳು. ಹೆಂಗಸರೆಲ್ಲ ಪಲ್ಲವಿಗೆ ದನಿಗೂಡಿಸಿದರು. ಮಾವ ಮಾತ್ರ ಕಿವಿಗೆ ಹೂ ಸಿಕ್ಕಿಸಿಕೊಂಡು, ಎರಡನೆಯ ಮದುವೆಯಾದವರಂತೆ ಓಡಾಡುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, ಆ ಹೆಸರೂ ತಮಗೆ ಚೆನ್ನಾಗೇ ಒಪ್ಪುತ್ತದೆ ಅಲ್ಲವೇ ಎಂದು ಕೇಳಿದರು.

ಮನೆಮಂದಿಗೆಲ್ಲ ಗೊತ್ತಾದ ಪಾಸ್‌ವರ್ಡ್ ಇಟ್ಟುಕೊಳ್ಳಬಾರದು, ಇವತ್ತೇ ಬದಲಾಯಿಸಿಕೊಳ್ಳಿ ಎಂದು ಅತ್ತೆಗೆ ಹೇಳಿ ನನ್ನ ಪಾಂಡಿತ್ಯದ ಕೊನೆಯ ಕರ್ತವ್ಯವನ್ನೂ ಮುಗಿಸಿದೆ. ಮರುದಿನ ಧಾರೆ ಮುಗಿದು ಊಟಕ್ಕೆ ಕೂತಾಗ ಎದುರು ಪಂಕ್ತಿಯಲ್ಲಿ ಅತ್ತೆ ಕಂಡರು. ಬೀಗರ ಮುಂದೆ ನನ್ನ ತಿಳಿವಳಿಕೆ ಸ್ವಲ್ಪ ಮೆರೆಯಲಿ ಎಂದು, ಹೊಸ ಪಾಸ್‌ವರ್ಡ್ ಹಾಕಿಸಿಕೊಂಡಿರಾ, ಈ ಸಲವೂ ಯಾರಿಗೂ ಹೇಳಬೇಡಿ ಎಂದು ಗಟ್ಟಿಯಾಗಿ ಎಚ್ಚರಿಸಿದೆ.

"ಹಾಕ್ಸಿದೀನಿ ಕಣಪ್ಪ," ಎಂದರು ಅತ್ತೆ, ನನಗಿಂತ ಗಟ್ಟಿಯಾಗಿ. "ಈ ಸಲ ಯಾವ್ ತಾಪತ್ರಯಾನೂ ಇಲ್ಲ, ನಿನ್ ಹೆಸ್ರೇ ಇಟ್ಟಿದೀನಿ. ನಿನ್ ಹೆಸ್ರಾದ್ರೆ ಯಾರ್ ಮುಂದೆ ಬೇಕಾದ್ರೂ ಹೇಳ್ಬೋದು."

ಎರಡೂ ಪಂಕ್ತಿಯವರು ನನ್ನತ್ತ ತಿರುಗಿದರು. ಪಾಯಸ ಬಡಿಸುತ್ತಿದ್ದವರು ಸೌಟು ಹಿಡಿದು ನಿಂತು, ಹೆಸರಿನ ಕೊನೆಗೆ ಅಂಕಿ ಯಾವುದಮ್ಮಾ ಎಂದು ಕೇಳಿದರು. ಅತ್ತೆ ಅದನ್ನೂ ಹೇಳಿದರು.