ಖಾಲಿ ಪಿಕಪ್ಪಿನ ಕುಣಿತ ಮತ್ತು ನನ್ನ ಮದುವಿ

ನನ್ನ ಪಿಕಪ್ ಗಾಡಿ ತುಂಬಿದಾಗ ಏನೂ ಆಗಂಗಿಲ್ಲ. ಏನಾಗೋದಿದ್ರೂ ಖಾಲಿ ಇದ್ದಾಗನ ಆಗ್ತೈತಿ. ಕೂಡ್ಲಿಗಿಗೆ ಈರುಳ್ಳಿ, ಹರಪನಹಳ್ಳಿಗೆ ಮೆಕ್ಕಿಜ್ವಾಳ, ಹಗರಿಬೊಮ್ಮನಹಳ್ಳಿಗೆ ಸಿಮೆಂಟು ಅಂತ ದಿನಾ ಓಡಾಡ್ತೀನಿ. ಹೋಗೂವಾಗ ತುಂಬಿದ ಬಸುರಿ ನಡದಂಗ ಮೆತ್ತಗ ಹೋಗ್ತೈತಿ. ಲೋಡ್ ಇಳಿಸಿ ವಾಪಸ್ ತಿರುಗಿಸಿದ್ನೋ, ಹಗ್ಗ ಹರಕೊಂಡ ಹೋರಿ ಆಗ್ತೈತಿ. ಈ ಕುಣಿತದಾಗ ನನ್ನ ಮದುವಿ ಒಂದ್ಸಲ ಹಾರಿಹೋತು. ಇನ್ನೊಂದ್ಸಲ ಹಾರೋದು ಸ್ವಲ್ಪದಾಗ ತಪ್ಪಿತು.

ಮೆಕ್ಯಾನಿಕ್ ಹೇಳಿದ ಔಷಧ

ಗಾಡಿ ತಗೊಂಡ ಹೊಸತರಾಗ ನಮ್ಮ ಕೊಟ್ಟೂರಿನ ಮೆಕ್ಯಾನಿಕ್ ಹತ್ರ ಒಯ್ದೆ. "ಅಣ್ಣ, ಖಾಲಿ ಇದ್ದಾಗ ಹಿಂದ ಎತ್ತಿ ಎತ್ತಿ ಒಗಿತೈತಿ. ಏನರ ಮಾಡು," ಅಂದೆ.

ಅವ ಗಾಡಿ ಕೆಳಗ ತೂರಿ, ಹಿಂದಿನ ಕಮಾನು ಪಟ್ಟಿ ನೋಡಿ ಹೊರಗ ಬಂದ. "ಗಾಡಿಗೆ ಏನೂ ಆಗಿಲ್ಲ. ಇದು ಭಾರ ಹೊರಾಕ ಮಾಡಿದ್ದು. ಭಾರ ಇದ್ರ ಪಟ್ಟಿ ಬಗ್ತಾವು. ಇಲ್ಲಂದ್ರ ಸೆಟದು ನಿಲ್ತಾವು."

"ಒಂದೆರಡು ಪಟ್ಟಿ ಬಿಚ್ಚಿಬಿಡು ಹಂಗಾರ."

"ಬಿಚ್ತೀನಿ. ಈರುಳ್ಳಿ ಏರಿಸಿದ ದಿನ ಗಾಡಿ ನೆಲಕ್ಕ ಕುಂದರ್ತೈತಿ. ಆವಾಗ ನನ್ನ ಬೈಬ್ಯಾಡ."

"ಮತ್ತ ಖಾಲಿ ಇದ್ದಾಗ ನಾ ಏನ್ ಮಾಡ್ಲಿ?"

ಅವ ಕೈ ಒರಸ್ಕೊಂತ ಅಂದ, "ಇಳದು ನಡಿ."

ದೊಡ್ಡಪ್ಪನ ಸುಣ್ಣದ ಡಬ್ಬಿ

ಡ್ರೈವರ್ ಅಂದ್ರ ಹೆಣ್ಣು ಕೊಡೋರು ಮೂಗು ಮುರಿಯೋ ಕಾಲ ಇದು. ಅಂಥಾದ್ರಾಗ ನಮ್ಮ ದೊಡ್ಡಪ್ಪ ಗುಡೇಕೋಟಿ ಕಡೆ ಒಂದು ಸಂಬಂಧ ಹುಡುಕಿದ್ದ. "ಬಸ್ಸಿಗೆ ಹೋಗೋಣು," ಅಂತ ನಾ ಬಡ್ಕೊಂಡೆ. "ಸ್ವಂತ ಗಾಡಿ ಐತಿ ಅಂತ ಗೊತ್ತಾಗಬೇಕಲೇ," ಅಂತ ಅವನೇ ಹಟ ಹಿಡಿದು ಗಾಡಿ ಹತ್ತಿದ.

ದಾರ್ಯಾಗ ಎಲಿ ಅಡಿಕಿ ಚೀಲ ಬಿಚ್ಚಿದ. ಸುಣ್ಣದ ಡಬ್ಬಿ ತೆಗೆದು ಎಲಿಗೆ ಸವರಬೇಕು ಅನ್ನೂದಕ್ಕೂ ಗಾಡಿ ತಗ್ಗಿಗೆ ಬೀಳೂದಕ್ಕೂ ಸರಿ ಆತು. ದೊಡ್ಡಪ್ಪ ಮ್ಯಾಲ ಹೋಗಿ ತಲಿ ಬಡಸ್ಕೊಂಡು ಕೆಳಗ ಬಂದ. ಸುಣ್ಣ ಮಾತ್ರ ಅವನ ಮಾರಿ ಮ್ಯಾಲ ಉಳೀತು. ಒರಸಿದಷ್ಟೂ ಹರಡಿತು.

ಹೆಣ್ಣಿನ ಮನ್ಯಾಗ ಒಬ್ರೂ ನನ್ನ ನೋಡಲಿಲ್ಲ. ಎಲ್ಲಾರ ಕಣ್ಣೂ ದೊಡ್ಡಪ್ಪನ ಮ್ಯಾಲ. ವಾರದ ಮ್ಯಾಲ ಅವರ ಕಡಿಂದ ಮಾತು ಬಂತು: "ಹುಡುಗ ಹೆಂಗದಾನ ಅಂತ ನಮಗ ನೆನಪಿಲ್ರಿ. ಆದ್ರ ಆ ಯಜಮಾನ್ರನ್ನ ಮೊದ್ಲು ಚರ್ಮದ ಡಾಕ್ಟ್ರಿಗೆ ತೋರಸ್ರಿ."

ಹೊಳಿಗೆ ಮರಳು

ಆಮ್ಯಾಲ ಬುದ್ಧಿ ಬಂತು. ಚೀಲಕ್ಕ ಮರಳು ತುಂಬಿ, ಬಾಯಿ ಹೊಲದು, ಹಿಂದಿನ ಗಾಲಿಯ ನೇರಕ್ಕ ಜೋಡಿಸಿ ಹಗ್ಗ ಬಿಗಿದೆ. ಗಾಡಿ ಸುಮ್ಮನಾತು. ಒಂದಿನ ಹೂವಿನಹಡಗಲಿಯಿಂದ ಮಲ್ಲಿಗಿ ತರಾಕ ಹೊರಟಿದ್ದೆ. ಹೊಳಿ ಸೀಮಿ, ಕಳ್ಳ ಮರಳಿನ ತಪಾಸಣಿ ಜೋರು. ಸಾಹೇಬ್ರು ಒಬ್ರು ಕೈ ಅಡ್ಡ ಹಾಕಿ ತಾಡಪತ್ರಿ ಎತ್ತಿದ್ರು.

"ಎಲ್ಲಿಂದ ತಂದಿ ಮರಳು?"

"ಕೊಟ್ಟೂರಿಂದ್ರಿ."

"ಎಲ್ಲಿಗೆ ಒಯ್ತಿ?"

"ವಾಪಸ್ ಕೊಟ್ಟೂರಿಗೇ ರಿ."

ಸಾಹೇಬ್ರು ನನ್ನ ಮಾರಿ ನೋಡಿದ್ರು. "ಎಲ್ಲಾರೂ ಹೊಳಿಯಿಂದ ಮರಳು ಒಯ್ತಾರ. ಹೊಳಿ ಕಡೆ ಮರಳು ತಂದವ ನೀನೊಬ್ಬನ ನೋಡು. ಏನಿದರ ಹಕೀಕತ್ತು?"

ಗಾಡಿ ಕುಣೀತೈತಿ ಅಂತ ಹೇಳಿದ್ರ ನಂಬಲಿಲ್ಲ. "ಚೀಲ ಇಳಸು, ನಾ ಕುಂತು ನೋಡ್ತೀನಿ," ಅಂದ್ರು. ಇಳಸಿದೆ. ಮುಂದಿನ ತಿರುವಿನ ತನಕ ಹೋಗಿ ಬಂದ್ವಿ. ಸಾಹೇಬ್ರು ಸೊಂಟ ಹಿಡ್ಕೊಂಡು ಇಳಿದು, ಸೀಟಿನ ಕೆಳಗಿಂದ ಟೋಪಿ ಹುಡುಕಿ ಹಾಕ್ಕೊಂಡು, ತಮ್ಮ ಮಂದಿಗೆ ಕೂಗಿ ಹೇಳಿದ್ರು: "ಪಾಪ, ಲಗೂನ ಚೀಲ ಏರಿಸಿಕೊಡ್ರೋ ಅವಗ!"

ಬೀಗರು ಬಂದ ದಿನ

ಹರಪನಹಳ್ಳಿಯ ಸಂಬಂಧ ಬಂದಿದ್ದು ಆವಾಗ. ಹುಡುಗಿ ಅಪ್ಪಂದು ಮಂಡಕ್ಕಿ ಭಟ್ಟಿ. ನಾವು ಹೋಗಿ ಹೆಣ್ಣು ನೋಡಿ ಬಂದಿದ್ವಿ. ದೊಡ್ಡಪ್ಪನ್ನ ಬಸ್ಸಿನಾಗ ಕಳಿಸಿದ್ದೆ. ಹುಡುಗಿ ನನಗ ಒಂದೇ ಮಾತು ಕೇಳಿದ್ಲು. "ಗಾಡಿ ಜೋರು ಹೊಡೀತೀರೇನು?" ಇಲ್ಲ ಅಂದೆ. ನಕ್ಕಳು. ಅಲ್ಲಿಗೆ ನನ್ನ ಕಥಿ ಮುಗೀತು. ಆಕಿ ಬಿಟ್ಟು ಇನ್ನೊಬ್ಬಾಕಿ ಬ್ಯಾಡ ಅನ್ನಿಸಿಬಿಟ್ಟಿತು.

ಉಳಿದಿದ್ದು ಅವರು ನಮ್ಮ ಮನಿ ನೋಡಾಕ ಬರೋದು. ಬಸ್ ಸ್ಟ್ಯಾಂಡಿನಿಂದ ನಮ್ಮ ಮನಿಗೆ ರಸ್ತಿ ಅಂದ್ರ ಬರೀ ತಗ್ಗು. ನನಗ ಮರಳು ಚೀಲದ ಮ್ಯಾಲ ಧೈರ್ಯ. ಮನಿಯಿಂದ ಹೊರಟು ಮೊದಲ್ನೇ ತಿರುವಿಗೆ ಬಂದೆ ನೋಡ್ರಿ, ಗಾಡಿ ಎದ್ದು ಕುಣೀತು. ಇಳಿದು ನೋಡಿದ್ರ ಹಿಂದ ಮರಳಿಲ್ಲ. ತೊಳದು, ಜಮಖಾನ ಹಾಸಿ, ನಾಲ್ಕು ಮೂಲಿಗೆ ಊದಿನಕಡ್ಡಿ ಸಿಗಿಸ್ಯಾರ!

ಫೋನ್ ಮಾಡಿದೆ. ಅವ್ವ ಅಂದ್ಲು, "ಬೀಗರು ಕುಂದ್ರೋ ಗಾಡ್ಯಾಗ ಮಣ್ಣಿನ ಚೀಲ ಇಡ್ತಾರೇನೋ? ಓಣ್ಯಾಗಿನ ಹುಡುಗರ ಕಡಿಂದ ಇಳಿಸಿಸಿ, ಬಚ್ಚಲ ಮುಂದ ಸುರುವಿಸೀನಿ. ಕೆಸರು ಆಗಿತ್ತು."

ಬಸ್ ಸ್ಟ್ಯಾಂಡಿನಾಗ ಬಸ್ ಬಂದು ನಿಂತಿತ್ತು. ಇಳಿದವರು ಇಬ್ರೇ, ಹುಡುಗಿ ಅಪ್ಪ ಮತ್ತು ಸೋದರಮಾವ. ಅಪ್ಪನ ಕುತ್ತಿಗಿ ನೋಡಿ ನಾ ಗಾಡಿ ಕಡೆ ತಿರುಗಿ ನೋಡಿದೆ. ಕುತ್ತಿಗಿ ನೋವಿಗೆ ಡಾಕ್ಟ್ರು ಹಾಕೋ ದಪ್ಪ ಪಟ್ಟಾ ಹಾಕ್ಕೊಂಡು, ಗೋಡಿ ತಿರುಗಿದಂಗ ಇಡೀ ಮೈ ತಿರುಗಿಸಿ ನನ್ನ ನೋಡಿದ್ರು. "ಡಾಕ್ಟ್ರು ಅಲ್ಲಾಡಬ್ಯಾಡ ಅಂದಾರ್ರಿ," ಅಂದ್ರು.

ಪಕ್ಕದ ಅಂಗಡಿ ಮುಂದ ಹಮಾಲರು ಲೋಡ್ ಕಾಯ್ಕೊಂತ ಕುಂತಿದ್ರು. ಎಲ್ಲಾರೂ ನನಗ ಗೊತ್ತಿರೋರು, ಎಲ್ಲಾರೂ ಗಟ್ಟಿ ಆಳು. ಓಡಿಹೋಗಿ, "ಅಣ್ಣ, ಮನಿ ತನಕ ಬಂದು ಹಿಂದ ಕುಂದರ್ರಿ. ಮಿರ್ಚಿ ಭಜಿ, ಶಿರಾ ಐತಿ. ಮಾತು ಮಾತ್ರ ಆಡಬ್ಯಾಡ್ರಿ," ಅಂದೆ. ಅಷ್ಟೂ ಮಂದಿ ಹತ್ತಿ ಗಾಲಿಯ ನೇರಕ್ಕ ಕುಂತ್ರು, ಬೀಗರು ಮುಂದ ನನ್ನ ಪಕ್ಕ ಕುಂತ್ರು. ಗಾಡಿ ಹಾಸಿಗಿ ಮ್ಯಾಲ ಜಾರಿದಂಗ ಹೋತು.

"ಇವರೆಲ್ಲಾ ಯಾರ್ರಿ?" ಅಂದ್ರು ಹುಡುಗಿ ಅಪ್ಪ.

"ನಮ್ಮ ಮಂದಿನೇ ರಿ."

"ಅಬಬಬ! ಬಳಗ ದೊಡ್ಡದೈತಿ."

ಮನ್ಯಾಗ ಅವ್ವ ಬಂದವರನ್ನ ನೋಡಿ ಬಾಗಿಲದಾಗ ನಿಂತು ಬಿಟ್ಲು. ಮಾಡಿದ್ದ ಮಿರ್ಚಿ ಒಂದೇ ಸುತ್ತಿಗೆ ಖಾಲಿ. ಮತ್ತ ಎಣ್ಣಿ ಇಟ್ಲು. ಹುಡುಗಿ ಅಪ್ಪ ಎಲ್ಲಾರಕಿಂತ ದಪ್ಪಗಿದ್ದ ಹಮಾಲನ ಕಡೆ ಮೈ ತಿರುಗಿಸಿ ಕೇಳಿದ್ರು, "ಯಜಮಾನ್ರ, ಹುಡುಗಗ ನೀವು ಏನಾಗಬೇಕು? ಕಾಕಾನೋ, ಮಾವನೋ?"

ಅವ ಬಾಯಾಗಿನ ಮಿರ್ಚಿ ನುಂಗಿ ಅಂದ, "ಏನೂ ಆಗಬೇಕಿಲ್ರಿ. ಗಾಡಿ ಕುಣೀಬಾರ್ದಂತ ಕರ್ಕೊಂಡು ಬಂದಾನ."

ಮುಗೀತು, ಇದೂ ಹೋತು ಅಂದ್ಕೊಂಡೆ. ತಲಿ ತಗ್ಗಿಸಿ ಮರಳು, ಅವ್ವ, ಬಚ್ಚಲ, ಕುತ್ತಿಗಿ ಪಟ್ಟಾ ಎಲ್ಲಾ ಹೇಳಿಬಿಟ್ಟೆ. ಹುಡುಗಿ ಅಪ್ಪ ನಗಾಕ ಹತ್ತಿದ್ರು. ನಗೂದು, ಕುತ್ತಿಗಿ ಹಿಡಿಯೂದು, "ಅಯ್ಯಯ್ಯೋ, ನಗಿಸಬ್ಯಾಡ್ರೋ ಮಾರಾಯಾ," ಅನ್ನೂದು. ಗಾಡಿ ಮಾಡದ ಅನಾಹುತ ನಗಿ ಮಾಡ್ತೈತೇನೋ ಅಂತ ಸೋದರಮಾವ ಅವರ ತಲಿ ಹಿಡ್ಕೊಂಡ ನಿಂತ.

ನಗಿ ನಿಂತ ಮ್ಯಾಲ ಅವರು ನಮ್ಮವ್ವಗ ಅಂದ್ರು, "ನನ್ನ ಕುತ್ತಿಗಿ ಇಷ್ಟು ಕಾಯ್ದಾನಂದ್ರ, ನನ್ನ ಮಗಳನ್ನ ಎತ್ತಿ ಒಗಿಯಂಗಿಲ್ಲ ಬಿಡ್ರಿ. ಮಿರ್ಚಿ ಇನ್ನೆರಡು ಹಾಕ್ರಿ."

ತುಂಬಿದ ಗಾಡಿ

ಮದುವಿ ಆತು. ತವರಿನಿಂದ ಆಕಿನ ಕರ್ಕೊಂಡು ಬರಾಕ ಗಾಡಿ ತಗೊಂಡು ಹೋಗಿದ್ದೆ, ಹೊಸಾ ಮರಳು ಚೀಲ ಬಿಗದು. ಊಟ ಮಾಡಿ ಹೊರಗ ಬಂದ್ರ ಗಾಡಿ ಗುರ್ತು ಸಿಗಲಿಲ್ಲ. ಆಕಾಶದ ತನಕ ಮೂಟಿ. ಮ್ಯಾಲ ನೂಲಿನ ಬಲಿ, ಅದರ ಮ್ಯಾಲ ಹಗ್ಗ.

"ಅಳಿಯಂದ್ರ," ಅಂದ್ರು ಮಾವ, ಪಟ್ಟಾ ಇಲ್ಲದ ಕುತ್ತಿಗಿ ಎತ್ತಿ, "ನನ್ನ ಮಗಳು ಖಾಲಿ ಗಾಡ್ಯಾಗ ಕುಣ್ಕೊಂತ ಹೋಗಬಾರ್ದು. ತುಂಬಿಸೀನಿ. ಜಾಗ ಸಾಲಲಿಲ್ಲಂತ ನಿಮ್ಮ ಮರಳು ಚೀಲ ಇಳಿಸೀನಿ."

ತುಂಬಿದ್ದು ಮಂಡಕ್ಕಿ.

ಜೀವಮಾನಪೂರ್ತಿ ಮಂಡಕ್ಕಿ ಹುರಿದ ಮನುಷ್ಯ. ಅದು ಎಷ್ಟು ಹಗುರ ಅನ್ನೂದು ನನಗಿಂತ ಚಲೋ ಗೊತ್ತು. ಮಗಳನ್ನ ಕಳಿಸೋ ಹೊತ್ತಿನಾಗ ಅದೂ ಮರ್ತು ಹೋಗಿತ್ತು. ಅವರ ಕಣ್ಣಾಗ ನೀರಿತ್ತು. "ಚಲೋ ಆತ್ರಿ ಮಾವ," ಅಂತ ಗಾಡಿ ಏರಿದೆ.

ಊರು ದಾಟೂತನಕ ಆಕಿ ಅಳ್ತಿದ್ಲು. ಮೊದಲ್ನೇ ತಗ್ಗಿಗೆ ಗಾಡಿ ಹಾರಿತು. ಆಕಿ ಅಳೂದು ನಿಲ್ಲಿಸಿ ಮ್ಯಾಲಿನ ಹಿಡಿ ಹಿಡ್ಕೊಂಡ್ಲು. ಎರಡ್ನೇ ತಗ್ಗಿಗೆ ತಲಿ ಬಡೀತು. ನನ್ನ ನೋಡಿದ್ಲು, ಕನ್ನಡಿಯಾಗ ಮೂಟಿ ನೋಡಿದ್ಲು. "ಮಂಡಕ್ಕಿ?" ಅಂದ್ಲು. ಹ್ಞೂಂ ಅಂದೆ. ಸೆರಗು ಬಾಯಿಗಿಟ್ಟು ನಗಾಕ ಹತ್ತಿದ್ಲು.

ಅಷ್ಟರಾಗ ಮಾವನ ಫೋನು. ನಾ ಗಾಡಿ ನಿಲ್ಲಿಸಾಕ ಹೋದೆ. ಬ್ಯಾಡ ಅಂತ ಕೈ ಮಾಡಿ ಆಕಿನೇ ಎತ್ತಿದ್ಲು.

"ಹೆಂಗೈತವಾ ಗಾಡಿ? ಕುಣಿಯಂಗಿಲ್ಲಲ್ಲ?"

ಒಂದು ಕೈಯಾಗ ಫೋನು, ಇನ್ನೊಂದು ಕೈ ಗಾಡಿ ಟಾಪಿಗೆ ಒತ್ತಿ ಹಿಡ್ಕೊಂಡು, ಮ್ಯಾಲ ಕೆಳಗ ಹೋಗ್ಕೊಂತ ಅಂದ್ಲು:

"ಅ... ಲ್ಲಾ... ಡೂ... ದ... ಇ... ಲ್ಲ... ಪ್ಪಾ!"